ಚಂಡೆ ನಿಂತರೆ ಯಾರಿಗೆ ಕೇಳಬೇಕು? ಶಿರಸಿಯ ಒಂದು ಸ್ಟುಡಿಯೋದ ಡಿಸ್ಕ್ ಪ್ರಕರಣ

ಪರದೆಯ ಮೇಲೆ ನಾಲ್ಕು ‘ಯು’ ಇರಬೇಕಿತ್ತು. ಮೂರೇ ಇದ್ದವು. ಮೂರನೇ ಜಾಗದಲ್ಲಿ ಒಂದು ಅಡ್ಡಗೆರೆ.

ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಬಳಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಂದೇ ಗುಂಪಾಗಿ ಜೋಡಿಸುವುದು, ಒಂದೊಂದು ‘ಯು’ ಅಂದರೆ ಒಂದೊಂದು ಡಿಸ್ಕ್ ಕೆಲಸ ಮಾಡುತ್ತಿದೆ ಅಂತ. ಅಡ್ಡಗೆರೆ ಅಂದರೆ ಅಲ್ಲಿದ್ದ ಡಿಸ್ಕ್ ಗುಂಪಿನಿಂದ ಹೊರಬಿದ್ದಿದೆ. ಅಡ್ಡಗೆರೆ ನೋಡಿ ನಾನು ಹೆದರಲಿಲ್ಲ. ಡಿಸ್ಕ್ ಅಂದಮೇಲೆ ಒಂದು ದಿನ ಹೋಗಲೇಬೇಕು. ಹೆದರಿಕೆಯಾಗಿದ್ದು ಲಾಗ್ ತೆಗೆದಾಗ. ಅದು ಹೊರಬಿದ್ದಿದ್ದು ಜನವರಿಯಲ್ಲಿ. ನಾನು ನೋಡುತ್ತಿದ್ದದ್ದು ಜೂನ್‌ನಲ್ಲಿ.

ಈ ಸ್ಟುಡಿಯೋ ಇರುವುದು ಶಿರಸಿಯಲ್ಲಿ. ಹೆಸರು ಬೇಡ. ಯಜಮಾನರನ್ನು ನಮ್ಮ ಕಡೆಯ ಹುಡುಗರೆಲ್ಲ ‘ಸ್ಟುಡಿಯೋ ಮಾವ’ ಅಂತಲೇ ಕರೆಯುವುದು. ಇಲ್ಲೂ ಹಾಗೇ ಇರಲಿ. ಮದುವೆ, ಉಪನಯನ, ಮನೆ ಒಕ್ಕಲು ಇವೆಲ್ಲ ಹೊಟ್ಟೆಪಾಡಿಗೆ. ಮಾವನ ನಿಜವಾದ ಹುಚ್ಚು ಯಕ್ಷಗಾನ. ಸಿದ್ದಾಪುರ, ಯಲ್ಲಾಪುರ, ಹೊನ್ನಾವರ, ಎಲ್ಲೇ ಆಟ ಇದ್ದರೂ ಮಿನಿ ಡಿವಿ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಹೋಗಿ ಬೆಳಗಿನವರೆಗೂ ನಿಂತು ಹಿಡಿದು ತರುತ್ತಿದ್ದರು. ಹಾಗೆ ಸೇರಿದ ಟೇಪುಗಳು 320.

ಮಿನಿ ಡಿವಿ ಟೇಪಿನ ಒಂದು ಗಂಟೆಯನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ ಆಗುತ್ತದೆ. ರಾತ್ರಿಯಿಡೀ ನಡೆದ ಆಟ ಎಂಟು ಗಂಟೆ ಅಂತಿಟ್ಟುಕೊಂಡರೂ ನೂರು ಜಿಬಿ ದಾಟಿತು. 320 ಟೇಪಿಗೆ 4 ಟಿಬಿಗಿಂತ ಚೂರು ಜಾಸ್ತಿ. ಮದುವೆ ವಿಡಿಯೋ, ಫೋಟೋ ಎಲ್ಲ ಸೇರಿ ಒಟ್ಟು 7 ಟಿಬಿ. ಟೇಪು ಹಾಗೇ ಇದೆಯಲ್ಲ, ಮತ್ತೆ ಇಳಿಸಿಕೊಂಡರಾಯಿತು ಅನ್ನುವ ಹಾಗಿಲ್ಲ. ನಮ್ಮೂರಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಟೇಪು ಯಾವ ಲೆಕ್ಕ? ಅರ್ಧಕ್ಕರ್ಧ ಟೇಪು ಈಗ ಕ್ಯಾಮರಾಕ್ಕೆ ಹಾಕಿದರೆ ಕ್ಯಾಮರಾದ ಹೆಡ್ಡೇ ಹಾಳಾಗುತ್ತದೆ. ಅಂದರೆ ಡಿಸ್ಕಿನಲ್ಲಿ ಇದ್ದದ್ದೇ ಅಸಲು.

ಆ ಡಿಸ್ಕುಗಳನ್ನು 2019ರಲ್ಲಿ ಜೋಡಿಸಿ ಕೊಟ್ಟವನು ನಾನೇ. ಆಗ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಚೌತಿ ಹಬ್ಬಕ್ಕೆ ಊರಿಗೆ ಬಂದವನು ಎರಡು ದಿನದಲ್ಲಿ ಕೆಲಸ ಮುಗಿಸಿ ಹೋಗಿದ್ದೆ. ಆದ್ದರಿಂದ ಈ ಬರಹದಲ್ಲಿ ತಪ್ಪು ಮಾಡಿದವನು ಬೇರೆ ಎಲ್ಲೋ ಇದ್ದಾನೆ ಅಂತ ಹುಡುಕಬೇಡಿ.

2019ರಲ್ಲಿ ಮಾಡಿದ್ದು

4 ಟಿಬಿಯ ನಾಲ್ಕು ಡಿಸ್ಕ್. ನಾಲ್ಕೂ ಒಂದೇ ಅಂಗಡಿ, ಒಂದೇ ದಿನ, ಒಂದೇ ಪೆಟ್ಟಿಗೆ. ಮೇಜಿನ ಕಂಪ್ಯೂಟರಿಗೆ ಹಾಕುವ ಸಾದಾ ಡಿಸ್ಕುಗಳು. ಲಿನಕ್ಸ್ ಹಾಕಿ, ಎಂಡಿಆಡ್ಮ್‌ನಿಂದ (ರೇಡ್ ಕಟ್ಟುವ ಸಾಧನ ಅದು) ರೇಡ್ 5 ಕಟ್ಟಿ, ಮೇಲೆ ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಟಿ4 ಹಾಕಿದೆ. ಸಿಕ್ಕಿದ ಜಾಗ 12 ಟಿಬಿ.

“ನಾಲ್ಕ್ ನಾಲ್ಕಲೆ ಹದಿನಾರು ಅಲ್ದನಾ ತಮಾ?” ಅಂತ ಮಾವ ಕೇಳಿದ್ದರು.

ಒಂದು ಡಿಸ್ಕಿನಷ್ಟು ಜಾಗ ಲೆಕ್ಕ ಇಡುವುದಕ್ಕೆ ಹೋಗುತ್ತದೆ ಅಂದೆ. ಮೂರು ಅಂಕಿ ಬರೆದು ಕೆಳಗೆ ಒಟ್ಟು ಮೊತ್ತ ಬರೆದಿಟ್ಟರೆ, ಮೂರರಲ್ಲಿ ಯಾವುದೇ ಒಂದು ಅಳಿಸಿಹೋದರೂ ಮೊತ್ತದಿಂದ ಕಳೆದು ಅದನ್ನು ತೆಗೆಯಬಹುದಲ್ಲ, ಹಾಗೆ. ರೇಡ್ 5 ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕೂಡುವ ಬದಲು ಎಕ್ಸಾರ್ ಅನ್ನುವ ಬಿಟ್ ಲೆಕ್ಕ ಮಾಡುತ್ತದೆ, ಮೊತ್ತವನ್ನು ಒಂದೇ ಡಿಸ್ಕಿನಲ್ಲಿ ಇಡದೆ ನಾಲ್ಕಕ್ಕೂ ಸರದಿ ಪ್ರಕಾರ ಹಂಚುತ್ತದೆ, ಅಷ್ಟೇ. ಮಾವನಿಗೆ ಥಟ್ಟನೆ ಅರ್ಥವಾಯಿತು. ಅದಾದ ಮೇಲೆ ನಾನು ಒಂದು ಮಾತು ಸೇರಿಸಿದೆ: “ಒಂದು ಡಿಸ್ಕ್ ಸತ್ತರೂ ಏನೂ ಆಗಲ್ಲ ಮಾವ.”

ಆ ಮಾತು ಅರ್ಧ ಮಾತ್ರ ನಿಜ. ಒಂದು ಸತ್ತ ಮೇಲೆ ಇನ್ನೊಂದನ್ನೂ ಮೊತ್ತದಿಂದ ಕಳೆದು ತೆಗೆಯಲು ಬರುವುದಿಲ್ಲ. ಅಲ್ಲಿಂದ ಮುಂದೆ ನಾಲ್ಕು ಡಿಸ್ಕಿನ ರೇಡ್ 5 ಅನ್ನುವುದು ಒಂದೇ ಡಿಸ್ಕಿಗಿಂತ ಕಡೆ. ಯಾಕೆಂದರೆ ಉಳಿದ ಮೂರರಲ್ಲಿ ಯಾವುದು ಹೋದರೂ ಎಲ್ಲ ಹೋಯಿತು. ‘ಏನೂ ಆಗಲ್ಲ, ಆದರೆ ಅವತ್ತೇ ನನಗೆ ಫೋನ್ ಮಾಡಿ’ ಅನ್ನಬೇಕಿತ್ತು. ಅನ್ನಲಿಲ್ಲ. ಅಂದಿದ್ದರೂ ಡಿಸ್ಕ್ ಸತ್ತಿದೆ ಅಂತ ಮಾವನಿಗೆ ಗೊತ್ತಾಗುವ ದಾರಿಯನ್ನೇ ನಾನು ಇಟ್ಟಿರಲಿಲ್ಲ.

ಯಂತ್ರ ಮಾತ್ರ ತನ್ನ ಕೆಲಸ ಮಾಡಿತ್ತು. ಜನವರಿಯಿಂದ ದಿನಕ್ಕೊಂದರಂತೆ ‘ಡಿಗ್ರೇಡೆಡ್ ಅರೇ’ ಅಂತ ಪತ್ರ ಬರೆದಿತ್ತು. ಹೊರಗಿನ ಈಮೇಲ್ ನಾನು ಹೊಂದಿಸಿರಲಿಲ್ಲವಲ್ಲ, ಹಾಗಾಗಿ ಎಲ್ಲ ಪತ್ರವೂ ಅದರ ಒಳಗಿನ ರೂಟ್ ಪೆಟ್ಟಿಗೆಯಲ್ಲೇ ಬಿದ್ದಿದ್ದವು. ನೂರೈವತ್ತು ಪತ್ರ, ಒಂದನ್ನೂ ಯಾರೂ ಒಡೆದಿರಲಿಲ್ಲ.

ಜೂನ್‌ನ ಆ ದಿನ

ಅಷ್ಟೊತ್ತಿಗೆ ನಾನು ಬೆಂಗಳೂರು ಬಿಟ್ಟು ಊರಿಗೆ ಬಂದು, ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಾವನ ಫೋನ್ ಬಂತು. “ತಮಾ, ಆಟ ತಡದು ತಡದು ಓಡ್ತಾ ಇದ್ದು. ಒಂಚೂರು ನೋಡ್ತ್ಯಾ?”

ಹೋಗಿ ನೋಡಿದಾಗ ಕಂಡಿದ್ದು ಆ ಅಡ್ಡಗೆರೆ. ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಇದು ಮೊದಲನೇದಕ್ಕಿಂತ ದೊಡ್ಡದು ಅಂತ ಈಗ ಅನ್ನಿಸುತ್ತದೆ.

ಸ್ವಲ್ಪ ಯೋಚಿಸಿ. ಒಂದು ಡಿಸ್ಕ್ ಸತ್ತಿದ್ದು ಜನವರಿಯಲ್ಲಿ. ವಿಡಿಯೋ ತಡೆದು ತಡೆದು ಓಡಲು ಶುರುವಾಗಿದ್ದು ಜೂನ್‌ನಲ್ಲಿ. ಅಂದರೆ ಈ ತಡೆಗೆ ಕಾರಣ ಸತ್ತ ಡಿಸ್ಕ್ ಅಲ್ಲ, ಬದುಕಿರುವ ಮೂರರಲ್ಲಿ ಇನ್ನೊಂದು ನರಳುತ್ತಿದೆ ಅಂತ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದಿದ್ದರೆ ಎರಡನೇ ಡಿಸ್ಕಿನಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ, ಲೆಕ್ಕ ಕಣ್ಣಿಗೆ ಹೊಡೆಯುತ್ತಿತ್ತು. ಐದು ನಿಮಿಷದ ಕೆಲಸ. ನಾನು ಅದನ್ನು ಬಿಟ್ಟು, ಪೇಟೆಯಲ್ಲಿ ಸಿಕ್ಕಿದ ಹೊಸ ಡಿಸ್ಕ್ ಒಂದನ್ನು ಮೂರನೇ ಜಾಗಕ್ಕೆ ತುರುಕಿ, ಸಂಜೆ 4ಕ್ಕೆ ರೀಬಿಲ್ಡ್ ಶುರು ಮಾಡಿದೆ. ಮೊದಲು ಇದ್ದಷ್ಟನ್ನು ಬೇರೆ ಕಡೆ ನಕಲು ಮಾಡೋಣ ಅನ್ನುವ ಬುದ್ಧಿಯೂ ಹೊಳೆಯಲಿಲ್ಲ.

ರೀಬಿಲ್ಡ್ ಅಂದರೆ ಹೊಸ ಡಿಸ್ಕನ್ನು ತುಂಬುವುದಕ್ಕೆ ಉಳಿದ ಮೂರು ಡಿಸ್ಕನ್ನೂ ಮೊದಲಿನಿಂದ ಕೊನೆಯವರೆಗೆ ಓದುವುದು. ಒಟ್ಟು 12 ಟಿಬಿ. ಸಾದಾ ಡಿಸ್ಕಿನ ವಿವರಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ: 1ರ ಮುಂದೆ 14 ಸೊನ್ನೆ ಹಾಕಿದಷ್ಟು ಬಿಟ್ ಓದಿದರೆ ಹೆಚ್ಚೆಂದರೆ ಒಂದು ಸಲ ಓದಲಾಗದೆ ಹೋಗಬಹುದು ಅಂತ. ಅದನ್ನು ಟಿಬಿಗೆ ತಂದರೆ 12.5. ಈ ಲೆಕ್ಕ ಇಟ್ಟುಕೊಂಡು ರೇಡ್ 5 ಯಾವತ್ತೂ ರೀಬಿಲ್ಡ್ ಆಗುವುದೇ ಇಲ್ಲ ಅಂತ ಹೆದರಿಸುವವರಿದ್ದಾರೆ. ಅದು ಸುಮ್ನೆ ಹೆದರಿಕೆ. ಒಳ್ಳೆಯ ಡಿಸ್ಕುಗಳು ಪಟ್ಟಿಯಲ್ಲಿ ಬರೆದಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಓದುತ್ತವೆ. ಆದರೆ ಐದು ವರ್ಷ ಹಗಲು ರಾತ್ರಿ ತಿರುಗಿದ, ಒಂದೇ ಪೆಟ್ಟಿಗೆಯಿಂದ ಬಂದ, ಅದರಲ್ಲೊಂದು ಆಗಲೇ ಸತ್ತಿರುವ ಡಿಸ್ಕುಗಳ ಮೇಲೆ ಅಷ್ಟು ಭರವಸೆ ಇಡಬಾರದು.

ರಾತ್ರಿ 10ರ ಹತ್ತಿರ, 61 ಶೇಕಡಾದಲ್ಲಿ ನಿಂತಿತು.

ಆಗಿದ್ದು ಇಷ್ಟು. ಎರಡನೇ ಡಿಸ್ಕಿನಲ್ಲಿ ಒಂದು ಕೆಟ್ಟ ಸೆಕ್ಟರ್ ಸಿಕ್ಕಿತು. ಸಾದಾ ಡಿಸ್ಕುಗಳು ಒಂಟಿಯಾಗಿ ಬಾಳುವುದಕ್ಕೆ ಮಾಡಿದವು. ‘ನಾನೊಬ್ಬನೇ ಇರುವುದು, ಹೇಗಾದರೂ ಮಾಡಿ ಓದಲೇಬೇಕು’ ಅಂತ ಒಳಗೊಳಗೇ ಒಂದು ನಿಮಿಷ, ಎರಡು ನಿಮಿಷ ಒದ್ದಾಡುತ್ತವೆ. ಲಿನಕ್ಸ್ ಕರ್ನಲ್‌ಗೆ ಅಷ್ಟು ತಾಳ್ಮೆ ಇಲ್ಲ. ಅದು 30 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಲಿಂಕ್ ರೀಸೆಟ್ ಮಾಡುತ್ತದೆ, ಆಗಲೂ ಮಾತಾಡದಿದ್ದರೆ ಡಿಸ್ಕ್ ಸತ್ತಿತು ಅಂತ ತೀರ್ಮಾನ. ರೇಡ್‌ಗೆಂದೇ ಬರುವ ಡಿಸ್ಕುಗಳು ಹೀಗಲ್ಲ. ಸುಮಾರು 7 ಸೆಕೆಂಡ್ ನೋಡಿ ‘ಇದು ನನ್ನಿಂದಾಗಲ್ಲ, ಪಕ್ಕದವರನ್ನು ಕೇಳಿ’ ಅಂತ ಕೈ ಎತ್ತುತ್ತವೆ. ಗುಂಪಿನಲ್ಲಿ ಬಾಳಲು ಬೇಕಾದ ಗುಣ ಅದು. ಈ ವ್ಯತ್ಯಾಸ ನನಗೆ 2019ರಲ್ಲೇ ಗೊತ್ತಿತ್ತು. ದುಡ್ಡು ಉಳಿಯುತ್ತದಲ್ಲ ಅಂತ ಸಾದಾ ಡಿಸ್ಕ್ ತಂದಿದ್ದೆ.

ಮಾವ ಬೈಯಲಿಲ್ಲ. ಚಹಾ ತಂದಿಟ್ಟು, “ಒಂದು ಸತ್ರೂ ಎಂತೂ ಆಗ್ತಿಲ್ಲೆ ಹೇಳಿದ್ಯಲಾ ನೀನು,” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ತೆಗೆದುಕೊಂಡಿದ್ದು, ಬಿಟ್ಟಿದ್ದು

ಇಂಥ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ. ಇಂಟರ್ನೆಟ್ ತುಂಬಾ ‘ಕ್ರಿಯೇಟ್ ಕೊಟ್ಟು ನೋಡಿ, ನನಗೆ ಸರಿಹೋಯಿತು’ ಅನ್ನುವ ಸಲಹೆಗಳು. ಕ್ರಿಯೇಟ್ ಅಂದರೆ ರೇಡ್ ಹೊಸದಾಗಿ ಕಟ್ಟುವ ಕಮಾಂಡ್. ರೇಡ್ ಮುರಿದುಕೊಂಡವರು ಡೇಟಾ ಪೂರ್ತಿ ಕಳೆದುಕೊಳ್ಳುವುದು ಬಹಳ ಸಲ ಇಲ್ಲೇ. ಡಿಸ್ಕುಗಳ ಕ್ರಮ ತಪ್ಪಿ ಕ್ರಿಯೇಟ್ ಕೊಟ್ಟರೆ ಹಳೆಯ ಗುರುತುಗಳ ಮೇಲೆ ಹೊಸದನ್ನು ಬರೆದು, ಮತ್ತೆ ರೀಬಿಲ್ಡ್ ಬೇರೆ ಶುರು ಮಾಡಿ, ಇದ್ದದ್ದನ್ನೂ ಅಳಿಸುತ್ತದೆ. ನಾನು ಯಂತ್ರ ಆಫ್ ಮಾಡಿ, ನಾಲ್ಕೂ ಡಿಸ್ಕ್ ಹೊರಗೆ ತೆಗೆದು, ಮೇಲೆ ನಂಬರ್ ಬರೆದು ಮನೆಗೆ ಹೋಗಿ ಮಲಗಿದೆ. ಆ ದಿನ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಮರುದಿನ ಹುಬ್ಬಳ್ಳಿಯಿಂದ ಮತ್ತೊಂದು ಡಿಸ್ಕ್ ಸಂಜೆ ಬಸ್ಸಿನಲ್ಲಿ ಬಂತು. ಡಿಡಿರೆಸ್ಕ್ಯೂ ಅನ್ನುವ ಸಾಧನದಿಂದ ನರಳುತ್ತಿದ್ದ ಎರಡನೇ ಡಿಸ್ಕನ್ನು ಅದಕ್ಕೆ ಪೂರ್ತಿ ನಕಲು ಮಾಡಿದೆ. ಇದರ ಜಾಣತನ ಏನೆಂದರೆ ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ತೆಗೆದುಕೊಳ್ಳುತ್ತದೆ. ಕಷ್ಟದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಟ್ಟುಕೊಂಡು ಆಮೇಲೆ ಮತ್ತೆ ಮತ್ತೆ ಹೋಗಿ ಕೆರೆಯುತ್ತದೆ. ಎರಡು ದಿನ ಕೆರೆದ ಮೇಲೂ ಬಾರದೆ ಉಳಿದದ್ದು 14 ಸೆಕ್ಟರ್. 4 ಟಿಬಿಯಲ್ಲಿ 56 ಕೆಬಿ!

ಆಮೇಲೆ ಒಂದನೇದು, ಎರಡನೇದರ ನಕಲು, ನಾಲ್ಕನೇದು, ಈ ಮೂರನ್ನು ಸೇರಿಸಿ ಎಂಡಿಆಡ್ಮ್‌ಗೆ ಅಸೆಂಬಲ್ ಜೊತೆಗೆ ಫೋರ್ಸ್ ಕೊಟ್ಟೆ, ಅಂದರೆ ಒತ್ತಾಯದಿಂದಲಾದರೂ ಜೋಡಿಸು ಅಂತ. ಓದಲು ಮಾತ್ರ ಅಂತ ಮೌಂಟ್ ಮಾಡಿದೆ. ಫೋಲ್ಡರುಗಳು ಒಂದೊಂದಾಗಿ ಕಂಡವು. 7 ಟಿಬಿಯನ್ನೂ ಹೊರಗೆ ಸಾಗಿಸಿದೆ.

ಆ 56 ಕೆಬಿ ಯಾವ ಫೈಲಿನದ್ದು? ನಕಲು ಮಾಡಿದ ಡಿಸ್ಕಿನ ಆ ಖಾಲಿ ಜಾಗಗಳಿಗೆ ಒಂದು ಗುರುತಿನ ಪದ ತುಂಬಿಸಿ, ಆಮೇಲೆ ಎಲ್ಲ ಫೈಲುಗಳಲ್ಲಿ ಆ ಪದ ಹುಡುಕಿದೆ. ಒಂದು ಆಟದ ವಿಡಿಯೋದಲ್ಲಿ ಸಿಕ್ಕಿತು. ನಮ್ಮ ಪಾಲ್ ಪದ್ಧತಿಯ ಡಿವಿಯಲ್ಲಿ ಒಂದು ಫ್ರೇಮ್ ಅಂದರೆ 144000 ಬೈಟ್, ಸೆಕೆಂಡಿಗೆ 25 ಫ್ರೇಮ್. ಹಾಗಾಗಿ ಪೆಟ್ಟು ಬಿದ್ದಿದ್ದು ಎರಡು ಫ್ರೇಮಿಗೆ. ವೇಷ ಒಂದು ದಿಗಿಣ ಹಾರುವಾಗ ಪಕ್ಕದಲ್ಲಿ ಚೌಕುಳಿ ಚೌಕುಳಿ ಆಗಿ ಮಿಂಚಿ ಮಾಯವಾಗುತ್ತದೆ. ಹೇಳದಿದ್ದರೆ ಗೊತ್ತಾಗುವುದಿಲ್ಲ.

ಆದರೆ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಸತ್ತ ಮೂರನೇ ಡಿಸ್ಕಿನ ಡೇಟಾವನ್ನು ಉಳಿದ ಮೂರರಿಂದ ಕಳೆದು ತೆಗೆಯುತ್ತಿದ್ದೆವಲ್ಲ. ಎರಡನೇದರ ಆ 14 ಸೆಕ್ಟರ್ ತಪ್ಪಾದರೆ ಮೂರನೇದರ ಲೆಕ್ಕವೂ ಅಷ್ಟೇ ಜಾಗದಲ್ಲಿ ತಪ್ಪಾಗುತ್ತದೆ. ಅಲ್ಲಿ ನನ್ನ ಗುರುತಿನ ಪದ ಎಕ್ಸಾರ್‌ನಲ್ಲಿ ಕಲಸಿಹೋಗಿರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಡಿಸ್ಕಿನ ಪಟ್ಟಿಗಳ ಲೆಕ್ಕ ಹಾಕಿ ಪತ್ತೆ ಮಾಡಬಹುದಿತ್ತು. ಆ ಹೊತ್ತಿಗೆ ನನಗೆ ಅಷ್ಟು ತ್ರಾಣ ಉಳಿದಿರಲಿಲ್ಲ. ಹಾಗಾಗಿ ಆ 7 ಟಿಬಿಯಲ್ಲಿ ಎಲ್ಲೋ ಒಂದು ಕಡೆ ಇನ್ನೊಂದು ಗಾಯ ಇವತ್ತಿಗೂ ಇರಬಹುದು. ಯಾರದೋ ಮದುವೆ ಫೋಟೋದ ಮೂಲೆಯಲ್ಲಿ, ಅಥವಾ ಯಾವುದೂ ಇಲ್ಲದ ಖಾಲಿ ಜಾಗದಲ್ಲಿ. ಎಕ್ಸ್‌ಟಿ4ಗೆ ಅದು ಗೊತ್ತಾಗುವುದಿಲ್ಲ. ಫೈಲಿನ ಒಳಗಿನ ಡೇಟಾಕ್ಕೆ ಅದು ತಾಳೆ ನೋಡುವ ಅಂಕಿ, ಅಂದರೆ ಚೆಕ್‌ಸಮ್ ಇಡುವುದಿಲ್ಲ. ಡಿಸ್ಕ್ ಕೊಟ್ಟಿದ್ದನ್ನು ಕಣ್ಣುಮುಚ್ಚಿ ನಂಬುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಇದೇ. ಮುಂದಿನ ವ್ಯವಸ್ಥೆ ಏನಿರಬೇಕು ಅನ್ನುವುದೂ ಇದರಿಂದಲೇ ತೀರ್ಮಾನವಾಯಿತು.

ಹೊಸದಾಗಿ ಕಟ್ಟಿದ್ದು

ರೇಡ್ ಅನ್ನುವ ಹೆಸರು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. 1988ರಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನುವ ಮೂವರು ಬರೆದ ಪ್ರಬಂಧದಿಂದ. ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಹಲವು ಅಗ್ಗದ ಡಿಸ್ಕ್ ಜೋಡಿಸಿ ಅನ್ನುವುದು ಅವರ ವಾದ. ರೇಡ್‌ನ ‘ಐ’ ಅಕ್ಷರ ಆಗ ಅಗ್ಗ ಅನ್ನುವ ಅರ್ಥದ್ದು. ಆಮೇಲೆ ಡಿಸ್ಕ್ ಮಾರುವವರು ಅದನ್ನು ‘ಸ್ವತಂತ್ರ’ ಅಂತ ಬದಲಾಯಿಸಿದರು. ಅಗ್ಗ ಅಂದರೆ ಯಾರಿಗೆ ಲಾಭ, ಅಲ್ವಾ? ಅದೇ ಬರ್ಕ್ಲಿಯಲ್ಲಿ ಬೆಳೆದ ಯುನಿಕ್ಸ್‌ನ ಮರಿಯೇ ಫ್ರೀಬಿಎಸ್‌ಡಿ. ಲಿನಕ್ಸ್ ಹಾಗೇ ಅದೂ ಯಂತ್ರ ನಡೆಸುವ ವ್ಯವಸ್ಥೆ. ಈ ಸಲ ನಾನು ಆರಿಸಿಕೊಂಡಿದ್ದು ಅದನ್ನು. ಸನ್ ಮೈಕ್ರೋಸಿಸ್ಟಮ್ಸ್ ತನ್ನ ಸೊಲಾರಿಸ್‌ಗೆಂದು ಮಾಡಿ, 2005ರಲ್ಲಿ ಕೋಡ್ ಹೊರಬಿಟ್ಟ, ಫೈಲುಗಳನ್ನೂ ಡಿಸ್ಕುಗಳನ್ನೂ ಒಟ್ಟಿಗೆ ನೋಡಿಕೊಳ್ಳುವ ಝಡ್‌ಎಫ್‌ಎಸ್ ಅದರಲ್ಲಿ ಕೂಡಿಯೇ ಬರುತ್ತದೆ. ಲಿನಕ್ಸ್‌ನಲ್ಲೂ ಝಡ್‌ಎಫ್‌ಎಸ್ ಹಾಕಬಹುದು, ತಪ್ಪೇನಿಲ್ಲ. ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲ್ ಹೊಂದುತ್ತದೋ ಇಲ್ಲವೋ ನೋಡುವ ಕೆಲಸ ಮಾವನ ಅಂಗಡಿಗೆ ಬೇಡ ಅನ್ನಿಸಿತು.

ಝಡ್‌ಎಫ್‌ಎಸ್ ಪ್ರತಿ ತುಂಡಿಗೂ ಚೆಕ್‌ಸಮ್ ಇಡುತ್ತದೆ. ಓದುವಾಗ ತಾಳೆ ನೋಡುತ್ತದೆ. ಡಿಸ್ಕ್ ಸುಳ್ಳು ಹೇಳಿದರೆ ಹಿಡಿದು, ಬೇರೆ ಡಿಸ್ಕಿನಿಂದ ಸರಿಯಾದದ್ದನ್ನು ತಂದು, ಸುಳ್ಳು ಹೇಳಿದ ಜಾಗದಲ್ಲಿ ಮತ್ತೆ ಬರೆಯುತ್ತದೆ. ಸರಿಮಾಡಲು ಆಗದೇ ಹೋದರೆ ಯಾವ ಫೈಲ್ ಕೆಟ್ಟಿದೆ ಅಂತ ಹೆಸರು ಹಿಡಿದು ಹೇಳುತ್ತದೆ. ನನಗೆ ಬೇಕಿದ್ದದ್ದು ಅದು.

ಯಂತ್ರ ಹಳೆಯ ಟವರ್ ಸರ್ವರ್, ಸಣ್ಣ ತಪ್ಪು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಇರುವಂಥದ್ದು. ಅದರಲ್ಲಿ ಹಾರ್ಡ್‌ವೇರ್ ರೇಡ್ ಕಾರ್ಡ್ ಇತ್ತು, ಕಿತ್ತು ಹಾಕಿದೆ. ಆ ಕಾರ್ಡ್ ಡಿಸ್ಕುಗಳ ಮುಂದೆ ಪರದೆ ಕಟ್ಟಿ ನಿಲ್ಲುತ್ತದೆ. ಹಿಂದೆ ಯಾರು ನರಳುತ್ತಿದ್ದಾರೆ ಅಂತ ಝಡ್‌ಎಫ್‌ಎಸ್‌ಗೆ ಕಾಣುವುದಿಲ್ಲ. ಕಾರ್ಡೇ ಸತ್ತರೆ ಅದೇ ಜಾತಿಯ ಇನ್ನೊಂದು ಕಾರ್ಡನ್ನು ಶಿರಸಿಯಲ್ಲಿ ಎಲ್ಲಿ ಹುಡುಕುವುದು? ಡಿಸ್ಕನ್ನು ಇದ್ದ ಹಾಗೆ ತೋರಿಸುವ ಸಾದಾ ಎಚ್‌ಬಿಎ ಕಾರ್ಡ್ ಹಾಕಿದೆ.

ಡಿಸ್ಕ್ ಕೊಳ್ಳುವಾಗ ಈ ಸಲ ವಿವರಪಟ್ಟಿ ಪೂರ್ತಿ ಓದಿದೆ. ಎಸ್‌ಎಂಆರ್ ಅನ್ನುವ ಬಗೆಯ ಡಿಸ್ಕುಗಳಿವೆ. ಮಾಡಿನ ಹಂಚಿನ ಹಾಗೆ ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದನ್ನು ಹತ್ತಿಸಿ ಬರೆಯುತ್ತವೆ. ಜಾಗ ಉಳಿಯುತ್ತದೆ. ಆದರೆ ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲಿನದನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿದವರಿಗೆ ಆ ಕಷ್ಟ ಗೊತ್ತು. ರೇಡ್‌ನಲ್ಲಿ ಇಂಥ ಡಿಸ್ಕನ್ನು ಬದಲಿಗೆ ಹಾಕಿದರೆ ಗಂಟೆಗಳಲ್ಲಿ ಮುಗಿಯುವ ಕೆಲಸ ದಿನಗಟ್ಟಲೆ ಎಳೆಯುತ್ತದೆ. ಹಾಗಾಗಿ ಸಿಎಂಆರ್ ಅಂತ ಬರೆದಿರುವ, ರೇಡ್‌ಗೆಂದೇ ಮಾಡಿದ 8 ಟಿಬಿಯ ಐದು ಡಿಸ್ಕ್ ತರಿಸಿದೆ. ಎರಡು ಒಂದು ಕಡೆಯಿಂದ, ಮೂರು ಇನ್ನೊಂದು ಕಡೆಯಿಂದ, ತಿಂಗಳ ಅಂತರದಲ್ಲಿ. ಬಂದ ಮೇಲೆ ಪ್ರತಿಯೊಂದಕ್ಕೂ ಸ್ಮಾರ್ಟ್‌ನ ಉದ್ದ ಪರೀಕ್ಷೆ. 8 ಟಿಬಿಗೆ ಹನ್ನೆರಡು ಗಂಟೆ ಮೇಲೇ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿದರಾಯಿತು.

ನಾಲ್ಕು ಡಿಸ್ಕ್ ಜೋಡಿಸುವುದು ಹೇಗೆ ಅಂತ ತುಂಬಾ ದಿನ ತೂಗಿದೆ. ಎರಡೆರಡು ಡಿಸ್ಕಿನ ಎರಡು ಮಿರರ್ ಮಾಡಬಹುದು (ಜೋಡಿಯ ಎರಡರಲ್ಲೂ ಒಂದೇ ಡೇಟಾ), ಇಲ್ಲವೇ ನಾಲ್ಕನ್ನೂ ಸೇರಿಸಿ ರೇಡ್‌ಝಡ್2 ಮಾಡಬಹುದು. ತಮಾಷೆ ಅಂದರೆ ಎರಡರಲ್ಲೂ ಸಿಗುವ ಜಾಗ ಒಂದೇ, 16 ಟಿಬಿ. ಮಿರರ್ ಚುರುಕು, ಬದಲಿ ಡಿಸ್ಕ್ ತುಂಬುವುದೂ ಬೇಗ. ಬಹಳ ಜನ ಕಣ್ಣುಮುಚ್ಚಿ ಮಿರರ್ ಅಂತಾರೆ. ಆದರೆ ನಾಲ್ಕರಲ್ಲಿ ಎರಡು ಸಾಯುವ ಬಗೆ ಆರು. ಮಿರರ್‌ನಲ್ಲಿ ಅದರಲ್ಲಿ ಎರಡು ಬಗೆಯಲ್ಲಿ, ಅಂದರೆ ಒಂದೇ ಜೋಡಿಯ ಎರಡೂ ಸತ್ತರೆ, ಎಲ್ಲ ಮುಗಿಯಿತು. ರೇಡ್‌ಝಡ್2 ಆರರಲ್ಲೂ ಬದುಕುತ್ತದೆ. ಬೆಂಗಳೂರಿನಲ್ಲಾದರೆ ಮಧ್ಯಾಹ್ನ ಸತ್ತ ಡಿಸ್ಕಿಗೆ ಸಂಜೆಯೊಳಗೆ ಬದಲಿ ತರಬಹುದು. ಇಲ್ಲಿ ಜುಲೈನಲ್ಲಿ ರಸ್ತೆ ಮೇಲೆ ಮರ ಬಿದ್ದರೆ, ಘಟ್ಟದಲ್ಲಿ ಗುಡ್ಡ ಜರಿದರೆ, ಪಾರ್ಸೆಲ್ ಯಾವತ್ತು ಬರುತ್ತದೋ ದೇವರೇ ಬಲ್ಲ. ಆ ನಡುವಿನ ದಿನಗಳಲ್ಲೂ ಇನ್ನೊಂದು ಸಾವು ತಡೆದುಕೊಳ್ಳಬೇಕು. ಮಾವ ಮಾಡುವುದು ದೊಡ್ಡ ದೊಡ್ಡ ವಿಡಿಯೋ ಫೈಲ್ ಸಾಲಾಗಿ ಓದುವುದು, ಬರೆಯುವುದು. ಅದಕ್ಕೆ ಮಿರರ್‌ನ ಚುರುಕು ಬೇಕಿಲ್ಲ. ರೇಡ್‌ಝಡ್2 ಅಂತ ತೀರ್ಮಾನಿಸಿದೆ.

ಉಳಿದ ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಆಶಿಫ್ಟ್ 12 ಇಟ್ಟೆ, ಅಂದರೆ ಸೆಕ್ಟರ್ 4096 ಬೈಟಿನದ್ದು ಅಂತ. ಡಿಸ್ಕಿನ ಒಳಗಿನ ಸೆಕ್ಟರ್ 4096 ಬೈಟ್ ಇದ್ದರೂ ಕೆಲವು ಡಿಸ್ಕ್ 512 ಅಂತ ಹಳೆಯ ಸುಳ್ಳು ಹೇಳುತ್ತವೆ, ಪೂಲ್ (ಡಿಸ್ಕುಗಳ ಗುಂಪು) ಕಟ್ಟಿದ ಮೇಲೆ ಇದನ್ನು ತಿದ್ದಲು ಬರುವುದಿಲ್ಲ. ವಿಡಿಯೋ ಇಡುವ ಕಡೆ ರೆಕಾರ್ಡ್ ಸೈಜ್, ಅಂದರೆ ಒಂದು ತುಂಡಿನ ಗಾತ್ರ, 1 ಎಂಬಿ. ಕಂಪ್ರೆಷನ್ ಎಲ್‌ಝಡ್4, ವಿಡಿಯೋಕ್ಕೆ ಅದರಿಂದ ಲಾಭ ಇಲ್ಲ, ನಷ್ಟವೂ ಇಲ್ಲ. ಫೈಲ್ ಓದಿದ ಹೊತ್ತು ಬರೆದಿಡುವ ಎಟೈಮ್ ಆಫ್. ದಿನಕ್ಕೊಂದು ಸ್ನ್ಯಾಪ್‌ಶಾಟ್, ಆ ಹೊತ್ತಿನ ಸ್ಥಿತಿ ಹಿಡಿದಿಡುವುದಕ್ಕೆ. ಜಾಗ 80 ಶೇಕಡಾ ತುಂಬುವ ಮೊದಲು ನನಗೆ ಹೇಳಬೇಕು ಅಂತ ಮಾವನ ಹತ್ತಿರ ಒಪ್ಪಿಸಿಕೊಂಡೆ.

ರೇಡ್ ಬ್ಯಾಕಪ್ ಅಲ್ಲ ಅನ್ನುವುದನ್ನು ನಾನು ಬೇರೆಯವರಿಗೆ ನೂರು ಸಲ ಹೇಳಿದ್ದೆ. ಈ ಸಲ ನಾನೂ ಪಾಲಿಸಿದೆ. ಕುಮಟಾದಲ್ಲಿ ಮಾವನ ಮಗಳ ಮನೆ ಇದೆ. ಅಲ್ಲಿಗೊಂದು ಚಿಕ್ಕ ಯಂತ್ರ, 12 ಟಿಬಿಯ ಒಂಟಿ ಡಿಸ್ಕ್. 100 ಎಂಬಿಪಿಎಸ್ ಲೈನಿನಲ್ಲಿ 7 ಟಿಬಿ ಕಳಿಸಬೇಕೆಂದರೆ ಎಡೆಬಿಡದೆ ಆರೂವರೆ ದಿನ. ಅದರ ಬದಲು ಅಂಗಡಿಯಲ್ಲೇ ಕೇಬಲ್ ಹಚ್ಚಿ ಒಂದು ದಿನದೊಳಗೆ ತುಂಬಿಸಿ, ಯಂತ್ರವನ್ನೇ ಕಾರಿನಲ್ಲಿಟ್ಟು ದೇವಿಮನೆ ಘಟ್ಟ ಇಳಿಸಿದೆವು. ಮಾವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಈಗ ವಾರಕ್ಕೊಮ್ಮೆ ಝಡ್‌ಎಫ್‌ಎಸ್ ಸೆಂಡ್ ಆಗುತ್ತದೆ, ಹೊಸದಾಗಿ ಸೇರಿದ್ದು ಮಾತ್ರ ಹೋಗುತ್ತದೆ.

ಹೆಸರಿಡುವುದು, ಕೇಳಿಸುವುದು

ಇಷ್ಟೆಲ್ಲ ಅರ್ಧ ದಿನದ ಕೆಲಸ. ಝಡ್‌ಪೂಲ್ ಕ್ರಿಯೇಟ್ ಅಂತ ಒಂದು ಸಾಲು ಹೊಡೆದರೆ ಪೂಲ್ ಕಣ್ಣು ಮಿಟುಕಿಸುವುದರೊಳಗೆ ತಯಾರು. ನನಗೆ ವಾರ ಹಿಡಿದದ್ದು ಬೇರೆಯದಕ್ಕೆ. ಡಿಸ್ಕ್ ಸತ್ತರೆ ಅದು ಯಾರಿಗೆ ಕೇಳಿಸಬೇಕು, ಕೇಳಿಸಿಕೊಂಡವರು ಏನು ಮಾಡಬೇಕು?

ಮೊದಲು ಹೆಸರು. ಯುನಿಕ್ಸ್ ಡಿಸ್ಕಿಗೆ ಇಡುವ ಹೆಸರು ಕೇಬಲ್ ಬದಲಿಸಿದರೆ ಬದಲಾಗುತ್ತದೆ. ಇವತ್ತು ಡಿಎ2 ಆಗಿದ್ದದ್ದು ನಾಳೆ ಡಿಎ3. ಸತ್ತ ಡಿಸ್ಕಿನ ಬದಲು ಬದುಕಿದ್ದನ್ನು ಎಳೆದವರು ನನಗೆ ಗೊತ್ತಿರುವವರಲ್ಲೇ ಇಬ್ಬರಿದ್ದಾರೆ. ಫ್ರೀಬಿಎಸ್‌ಡಿಯಲ್ಲಿ ಜಿಪಾರ್ಟ್‌ನಿಂದ ಪ್ರತಿ ಡಿಸ್ಕಿಗೂ ನಮ್ಮದೇ ಲೇಬಲ್ ಕೊಡಬಹುದು. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಇಡೋಣ ಅಂತ ಶುರು ಮಾಡಿದೆ. ಮಾವ ಪಕ್ಕದಲ್ಲಿ ಕೂತು ನೋಡಿ, ಇದು ಯಾರಿಗೆ ನೆನಪಿರುತ್ತದೆ ಅಂದರು. ಆಮೇಲೆ ಅವರೇ ಹೆಸರಿಟ್ಟರು: ಭಾಗವತ, ಮದ್ದಳೆ, ಚಂಡೆ, ಶ್ರುತಿ. ಪೂಲಿನ ಹೆಸರು ಹಿಮ್ಮೇಳ. ನಾಲ್ಕೂ ಟ್ರೇ ಮೇಲೆ ಅವರದೇ ದುಂಡು ಅಕ್ಷರದ ಚೀಟಿ. ಐದನೇದು ‘ಬದಲಿ’. ಅದನ್ನು ಪರೀಕ್ಷೆ ಮಾಡಿ ಮುಗಿಸಿ, ಲೆನ್ಸುಗಳಿಗೆ ಬೂಷ್ಟು ಹಿಡಿಯದ ಹಾಗೆ ಇಡುವ ಕರೆಂಟಿನ ಕಪಾಟಿನಲ್ಲಿ ಇಟ್ಟರು. ಆ ಕಪಾಟು ನನಗೆ ಹೊಳೆದೇ ಇರಲಿಲ್ಲ.

ಇನ್ನು ಕೇಳಿಸುವುದು. ಈಮೇಲ್ ಬೇಡ, ಮಾವ ನೋಡುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಪೂಲಿನ ಸ್ಥಿತಿ ನೋಡುವ ಚಿಕ್ಕ ಸ್ಕ್ರಿಪ್ಟ್ ಬರೆದೆ. ಏನಾದರೂ ಸರಿಯಿಲ್ಲದಿದ್ದರೆ ಮಾವನ ಫೋನಿಗೂ ನನ್ನ ಫೋನಿಗೂ ಟೆಲಿಗ್ರಾಂನಲ್ಲಿ ಕನ್ನಡದಲ್ಲಿ ಒಂದು ಸಾಲು: ‘ಚಂಡೆ ನಿಂತಿದೆ’. ಮಳೆಗಾಲದಲ್ಲಿ ಇಂಟರ್ನೆಟ್ ಎರಡು ಮೂರು ದಿನ ಇಲ್ಲದಿರುವುದೂ ಉಂಟಲ್ಲ, ಅದಕ್ಕೆ ಯಂತ್ರವೇ ಕೂಗಬೇಕು. ಫ್ರೀಬಿಎಸ್‌ಡಿಯಲ್ಲಿ ಮದರ್‌ಬೋರ್ಡಿನ ಸ್ಪೀಕರಿಗೆ ಸ್ವರ ಬರೆದು ಕಳಿಸಿದರೆ ನುಡಿಸುವ ಒಂದು ಹಳೆಯ ಡ್ರೈವರ್ ಇದೆ. ಯಾರು ಯಾಕೆ ಬರೆದರೋ, ನನಗಂತೂ ಉಪಕಾರವಾಯಿತು. ತೊಂದರೆ ಇದ್ದರೆ ಗಂಟೆಗೊಮ್ಮೆ ಕೀಂಯ್ ಕೀಂಯ್ ಅನ್ನುತ್ತದೆ. ಮೂರನೇದು, ಎಲ್ಲ ಸರಿ ಇದ್ದರೂ ಬೆಳಿಗ್ಗೆ 9ಕ್ಕೆ ‘ಹಿಮ್ಮೇಳ ಸರಿ ಇದೆ’ ಅಂತ ಸಂದೇಶ ಬರಬೇಕು. ಬರದಿದ್ದರೆ ಅದೂ ಒಂದು ಸುದ್ದಿಯೇ.

ತಿಂಗಳಿಗೊಮ್ಮೆ ಸ್ಕ್ರಬ್ ಇಟ್ಟೆ. ಯಾರೂ ತೆರೆಯದ ಹಳೆಯ ಫೈಲುಗಳನ್ನೂ ಪೂರ್ತಿ ಓದಿ ತಾಳೆ ನೋಡುತ್ತದೆ. 2019ರಲ್ಲಿ ಕಟ್ಟಿದ್ದರಲ್ಲಿ ಎರಡನೇ ಡಿಸ್ಕಿನ ಕೆಟ್ಟ ಸೆಕ್ಟರುಗಳು ಯಾರೂ ಮುಟ್ಟದ ಟೇಪುಗಳ ಜಾಗದಲ್ಲಿ ಸದ್ದಿಲ್ಲದೆ ಬೆಳೆದಿದ್ದವು. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಹಚ್ಚಿ, ನಟ್ ಅನ್ನುವ ತಂತ್ರಾಂಶ ಹಾಕಿ, ಕರೆಂಟು ಹೋಗಿ ಐದು ನಿಮಿಷಕ್ಕೆ ತಾನೇ ಆಫ್ ಆಗುವ ಹಾಗೆ ಮಾಡಿದೆ. ಗುಡುಗು ಶುರುವಾದರೆ ಮಾವ ಎದ್ದು ಪ್ಲಗ್ಗನ್ನೇ ಕೀಳುತ್ತಾರೆ. ಅದು ಅವರ ಹಳೆಯ ಪದ್ಧತಿ, ನಾನು ಬೇಡ ಅನ್ನಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಆಟದ ವಿಡಿಯೋ ಹಚ್ಚಿ, ಅದು ಓಡುತ್ತಿರುವಾಗಲೇ ಮಾವನ ಕೈಯಲ್ಲಿ ಮದ್ದಳೆ ಟ್ರೇ ಎಳೆಸಿದೆ. ಕೈ ನಡುಗುತ್ತಿತ್ತು ಪಾಪ. ಪದ್ಯ ನಿಲ್ಲಲಿಲ್ಲ. ಸ್ಪೀಕರ್ ಕೂಗಿತು, ಫೋನ್ ಗುಂಯ್‌ಗುಟ್ಟಿತು. ಆಮೇಲೆ ಶ್ರುತಿಯನ್ನೂ ಎಳೆಸಿದೆ. ಆಗಲೂ ನಿಲ್ಲಲಿಲ್ಲ. ಎರಡನ್ನೂ ವಾಪಸ್ ಹಾಕಿ, ಆನ್‌ಲೈನ್ ಕೊಟ್ಟ ಮೇಲೆ ನಡುವೆ ತಪ್ಪಿಹೋದದ್ದನ್ನು ಮಾತ್ರ ತುಂಬಿಕೊಂಡು ಕೆಲವೇ ನಿಮಿಷದಲ್ಲಿ ಸರಿಯಾದವು. “ಅಡ್ಡಿಲ್ಲೆ,” ಅಂದರು ಮಾವ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮುಂದಿನ ಆಗಸ್ಟ್

ಒಂದು ವರ್ಷ ದಾಟಿತ್ತು. ಆಗಸ್ಟ್ ತಿಂಗಳು, ನಾನು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ 9ರ ಸಂದೇಶ ಬರಲಿಲ್ಲ. ಶಿರಸಿಯಲ್ಲಿ ಇಂಟರ್ನೆಟ್ ಇಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ ಮಾವನ ಫೋನ್. “ತಮಾ, ಚಂಡೆ ನಿಂತಿದ್ದು.”

ಇಂಟರ್ನೆಟ್ಟೂ ಇರಲಿಲ್ಲ. ಸ್ಪೀಕರ್ ಕೂಗುವುದನ್ನು ಕೇಳಿ, ಯಂತ್ರದ ಪರದೆಯಲ್ಲಿ ಹೆಸರು ಓದಿ ಫೋನ್ ಮಾಡಿದ್ದರು. ನಾನು ಬಸ್ ಹತ್ತಬೇಕಾಗಲಿಲ್ಲ. ಕಪಾಟಿನ ಬಾಗಿಲ ಒಳಗೆ ಅಂಟಿಸಿಟ್ಟ ಹಾಳೆಯಲ್ಲಿ ಬರೆದ ಪ್ರಕಾರ ಅವರೇ ಚಂಡೆಯ ಟ್ರೇ ಎಳೆದು, ಬದಲಿಯನ್ನು ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿ, ನಾನು ಬರೆದಿಟ್ಟ ಒಂದು ಕಮಾಂಡ್ ಹೊಡೆದರು. ಅದು ಪೂಲಿನಲ್ಲಿ ಯಾವ ಡಿಸ್ಕ್ ಇಲ್ಲ ಅಂತ ನೋಡಿ, ಹೊಸದಕ್ಕೆ ಲೇಬಲ್ ಕೊಟ್ಟು, ಝಡ್‌ಪೂಲ್ ರಿಪ್ಲೇಸ್ ಮಾಡುವ ಮೊದಲು ಒಂದು ಸಲ ‘ಹೌದೋ ಅಲ್ಲವೋ’ ಅಂತ ಕೇಳುತ್ತದೆ. ಝಡ್‌ಎಫ್‌ಎಸ್ ತುಂಬುವುದು ಡೇಟಾ ಇರುವ ಜಾಗವನ್ನು ಮಾತ್ರ, ಖಾಲಿ ಜಾಗದ ಗೊಡವೆಗೆ ಹೋಗುವುದಿಲ್ಲ. ರಾತ್ರಿ 9ರ ಸುಮಾರಿಗೆ ಮುಗಿಯಿತು. ತಪ್ಪುಗಳು ಸೊನ್ನೆ. ನಡುವೆ ಇಡೀ ದಿನ ಒಂದು ಉಪನಯನದ ಎಡಿಟಿಂಗ್ ಅದೇ ಪೂಲಿನಿಂದ ನಡೆದಿತ್ತು.

ಸತ್ತ ಡಿಸ್ಕಿಗೆ ವಾರಂಟಿ ಇತ್ತು, ಕಳಿಸಿದ್ದೇವೆ. ಬದಲಿ ಈಗ ಕೂತಿರುವ ಟ್ರೇಯ ಮೇಲೆ ಮಾವ ‘ಚಂಡೆ 2’ ಅಂತ ಹೊಸ ಚೀಟಿ ಅಂಟಿಸಿದ್ದಾರೆ. ಲೆನ್ಸ್ ಕಪಾಟಿನ ಜಾಗ ಸದ್ಯ ಖಾಲಿ. ಮೂರು ದಿನಕ್ಕೊಮ್ಮೆ ಫೋನ್ ಮಾಡಿ ವಾರಂಟಿ ಡಿಸ್ಕ್ ಬಂತಾ ಅಂತ ಕೇಳುತ್ತಾರೆ.